ರೀಸ್ಟೋರ್ ಮಾಡಿದ ಸಿಜೆ-3ಬಿ ಜೀಪ್: ಬಣ್ಣಕ್ಕೆ ಎರಡು ಅಂಕ, ಬಾಕ್ಸಿಗೆ ಹತ್ತು

ಮೊದಲೇ ಹೇಳಿಬಿಡುತ್ತೇನೆ. ವಾರದ ಕೊನೆಗೆ ಬೆಂಗಳೂರಿಂದ ಚಿಕ್ಕಮಗಳೂರಿಗೆ ಬಂದು ಹೋಗಲು ಗಾಡಿ ಹುಡುಕುತ್ತಿದ್ದರೆ ಇದನ್ನು ತಗೊಳ್ಳಬೇಡಿ. ಫೋಟೋಗೆ ಚೆನ್ನಾಗಿರುತ್ತದೆ ಅಂತ ತಗೊಳ್ಳುವುದಾದರೂ ಬೇಡ, ಅದಕ್ಕೆ ಬಾಡಿಗೆಗೆ ಸಿಗುತ್ತವೆ. ತೋಟ ಇದೆ, ತೋಟಕ್ಕೆ ಕೆಟ್ಟ ದಾರಿ ಇದೆ, ಹತ್ತಿರದಲ್ಲಿ ಹಳೇ ಜೀಪು ಗೊತ್ತಿರುವ ಮೇಸ್ತ್ರಿ ಇದ್ದಾರೆ, ಜೊತೆಗೆ ನಿಮ್ಮ ಕೈಗೆ ಗ್ರೀಸ್ ಆದರೆ ಬೇಜಾರಿಲ್ಲ ಅಂದರೆ ಮಾತ್ರ ಮುಂದೆ ಓದಿ.

ನಮ್ಮದು ಮೂಡಿಗೆರೆ ತಾಲೂಕು, ಕೊಟ್ಟಿಗೆಹಾರದ ಕಡೆ. ಕಾಫಿ, ಮೆಣಸು, ಕೆಳಗೆ ಒಂದಿಷ್ಟು ಗದ್ದೆ. ಟಾರು ರಸ್ತೆಯಿಂದ ಮನೆ ತನಕ ದಾರಿ ಪರವಾಗಿಲ್ಲ. ಮನೆಯಿಂದ ತೋಟದ ಮೇಲಿನ ತುದಿಗೆ ಹೋಗುವ ದಾರಿ ಮಾತ್ರ ಜೂನ್ ಬಂತೆಂದರೆ ಹಳ್ಳವೇ. ಆಚೀಚೆ ಸಿಲ್ವರ್ ಓಕ್ ಮರಗಳು, ನಡುವೆ ಎರಡು ಚಕ್ರದ ಗುರುತು, ಕೆಂಪು ಜಾರು ಮಣ್ಣು. ಗೊಬ್ಬರ ಮೇಲೆ ಹೋಗಬೇಕು, ಹಣ್ಣಿನ ಚೀಲ ಕಣಕ್ಕೆ ಇಳಿಯಬೇಕು. ನಮ್ಮನೆಯವರಿಗೆ ಸೊಂಟ ನೋವು, ಜೀಪಿನ ಸೀಟು ಆಗಿಬರುವುದಿಲ್ಲ. ಹಾಗಾಗಿ ಓಡಿಸುವುದೂ ನಾನೇ, ಕೆಳಗೆ ಮಲಗಿ ಗ್ರೀಸ್ ಹೊಡೆಯುವುದೂ ನಾನೇ. ಕೆಲವು ಮಳೆಗಾಲ ಓಡಿಸಿದ ಮೇಲೆ ಬರೆಯುತ್ತಿದ್ದೇನೆ. ಹೊಸತರಲ್ಲಿ ಬರೆದಿದ್ದರೆ ಬರೀ ಹೊಗಳಿಕೆಯೇ ಆಗುತ್ತಿತ್ತು.

ಗಾಡಿ 1970ರ ಮಾಡೆಲ್ ಮಹೀಂದ್ರಾ ಸಿಜೆ-3ಬಿ, ಪೆಟ್ರೋಲ್. ನಂಬರ್ ಪ್ಲೇಟು ಇನ್ನೂ ‘ಎಂವೈ’ ಅಂತ ಶುರುವಾಗುತ್ತದೆ. ನಮ್ಮ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರಿದ್ದ ಕಾಲದ್ದು. ಈ ಮಾದರಿಯನ್ನು ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ತಂದಿತು. ಅಲ್ಲಿ 1968ಕ್ಕೆ ನಿಂತುಹೋಯಿತು, ಇಲ್ಲಿ ಮಹೀಂದ್ರಾದವರು ಮುಂದುವರಿಸಿದರು. ಒಳಗಿರುವುದು ಹರಿಕೇನ್ ಇಂಜಿನ್, 2.2 ಲೀಟರ್, ನಾಲ್ಕು ಸಿಲಿಂಡರ್. ಕಾಗದದ ಮೇಲೆ ಸುಮಾರು 75 ಹಾರ್ಸ್‌ಪವರ್. ಇದರಲ್ಲಿ ಇಂಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಅದರಿಂದ ಇಂಜಿನ್ ಹಳೇ ಜೀಪಿನದ್ದಕ್ಕಿಂತ ಎತ್ತರ ಆಯಿತು, ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಯುದ್ಧಕಾಲದ ಜೀಪೇ ಚೆಂದ, ಇದರ ಮೂತಿ ಅವಲಕ್ಷಣ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ನನಗೇನೋ ಈ ಮೂತಿಯೇ ಇಷ್ಟ.

ರೀಸ್ಟೋರ್ ಮಾಡಿದ್ದು ಬೆಂಗಳೂರಿನ ಕಡೆಯ ಒಂದು ಶೆಡ್ಡಿನವರು. ಹೆಸರು ಬೇಡ. ಕೊಟ್ಟಿದ್ದು ಒಂದು ಹೊಸ ಸಣ್ಣ ಕಾರಿನ ದುಡ್ಡು. ನೋಡಲು ಹೋದಾಗ ಅವರು ಬಣ್ಣ ತೋರಿಸಿದರು, ಸೀಟಿನ ಹೊಲಿಗೆ ತೋರಿಸಿದರು, ಬೆಳ್ಳಗೆ ಹೊಳೆಯುವ ಸೈಡ್ ಮಿರರ್ ತೋರಿಸಿದರು. ನಾನು ಒಂದು ಗೋಣಿಚೀಲ ಕೇಳಿದೆ. ಹಾಸಿಕೊಂಡು ಕೆಳಗೆ ಮಲಗಿ ನೋಡಿದೆ. ಹಳೇ ಜೀಪು ಕೊಳ್ಳುವವರು ಚಾಸಿಯ ಎರಡು ಉದ್ದ ಪಟ್ಟಿಗಳನ್ನು ಕೈಯಲ್ಲಿ ಸವರಿ ನೋಡಬೇಕು, ಅದರಲ್ಲೂ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್ ಕೂತಿರುವ ಜಾಗ. ಅಲ್ಲಿ ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿದ್ದರೆ ಬಣ್ಣದ ಕೆಳಗೂ ಉಬ್ಬು ಸಿಗುತ್ತದೆ. ಚಾಸಿ ನಂಬರ್ ಆರ್‌ಸಿಯಲ್ಲಿ ಇರುವುದಕ್ಕೆ ಒಂದೊಂದು ಅಕ್ಷರವೂ ಹೊಂದಬೇಕು. ಎರಡೂ ಸರಿ ಇದ್ದವು, ಅದಕ್ಕೇ ತಗೊಂಡೆ.

ಈ ಚಾಸಿ ನಂಬರಿನ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹರಿಯಾಣದ ಮಂಡಿ ಡಬ್ವಾಲಿ ಓಪನ್ ಜೀಪು ಕಟ್ಟುವುದಕ್ಕೆ ಹೆಸರಾದ ಊರು. ಹೊಸ ಬಾಡಿ, ಬೇರೆ ಇಂಜಿನ್, ದೊಡ್ಡ ಟೈರು ಹಾಕಿ ಝಗಮಗ ಅಂತ ಕಟ್ಟಿಕೊಡುತ್ತಾರೆ. ಅದು ಹೊಸದಾಗಿ ಕಟ್ಟಿದ ಜೀಪು, ಹಳೇ ಜೀಪು ಅಲ್ಲ. ಬೇಕಾದವರು ತಗೊಳ್ಳಲಿ, ಆದರೆ ವಿಂಟೇಜ್ ಅಂತ ಹೇಳಿ ಮಾರಿದರೆ ನಂಬಬೇಡಿ. ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇದ್ದು ಬಾನೆಟ್ ಎತ್ತಿದರೆ ಡೀಸೆಲ್ ಇಂಜಿನ್ ಕೂತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಆರ್‌ಟಿಒ ಒಪ್ಪಿಗೆ ಇಲ್ಲದೆ ಇಂಜಿನ್ ಬದಲಿಸುವ ಹಾಗಿಲ್ಲ. ಕಂಪನಿ ಮಾಡಿದ ರೂಪವನ್ನು ಬೇಕಾಬಿಟ್ಟಿ ಬದಲಿಸಬಾರದು ಅಂತ ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಹೇಳಿದೆ.

ಇನ್ನು ಶೆಡ್ಡಿನವರ ಕೆಲಸ. ಬಣ್ಣ ಬಿಸಿಲಲ್ಲಿ ನಿಂತಾಗ ಅದ್ಭುತ. ಮೊದಲ ಮಳೆಗಾಲ ಮುಗಿಯುವಾಗ ಡ್ರೈವರ್ ಕಾಲಿಡುವ ಜಾಗದಲ್ಲಿ ಗುಳ್ಳೆ ಎದ್ದಿತು. ಉಗುರಲ್ಲಿ ಕೆರೆದರೆ ಒಳಗೆ ಪುಟ್ಟಿ. ತಗಡು ತೂತು ಬಿದ್ದಿದ್ದ ಜಾಗಕ್ಕೆ ಹೊಸ ತಗಡು ಹಾಕದೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಅದನ್ನಾದರೂ ಕ್ಷಮಿಸಬಹುದು, ನೆಲದ ತಗಡಲ್ವಾ, ಮೂಡಿಗೆರೆಯಲ್ಲೇ ಟಿಂಕರಿಂಗ್ ಮಾಡಿಸಿದೆ. ಕ್ಷಮಿಸಲಾಗದ್ದು ಗ್ರೀಸ್ ನಿಪ್ಪಲ್ಲುಗಳ, ಅಂದರೆ ಗ್ರೀಸ್ ಒಳಗೆ ತುಂಬುವ ಪುಟ್ಟ ಮೂತಿಗಳ ಕತೆ. ಚಾಸಿಗೆ ಕಪ್ಪು ಬಣ್ಣ ಸ್ಪ್ರೇ ಮಾಡುವಾಗ ನಿಪ್ಪಲ್ಲುಗಳ ಮೇಲೂ ಹೊಡೆದಿದ್ದರು. ಗ್ರೀಸ್ ಗನ್ ಇಟ್ಟು ಒತ್ತಿದರೆ ಗ್ರೀಸ್ ಒಳಗೆ ಹೋಗದೆ ಸುತ್ತಲೂ ಉಕ್ಕುತ್ತಿತ್ತು. ಅಂದರೆ ಬಣ್ಣ ಹೊಡೆದ ಮೇಲೆ ಒಬ್ಬರೂ ಒಂದು ಸಲವೂ ಗ್ರೀಸ್ ಹೊಡೆದಿಲ್ಲ. ಗಾಡಿ ನಮ್ಮ ಕೈಗೆ ಬಂದಿದ್ದು ಒಣ ಪಿನ್ನುಗಳ ಮೇಲೆ ಓಡಿಕೊಂಡು. ವೈರಿಂಗೂ ಅಷ್ಟೆ. ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲ ಟೇಪ್ ಸುತ್ತಿದ ಜಾಯಿಂಟುಗಳು, ಇಡೀ ಗಾಡಿಗೆ ಒಂದೇ ಫ್ಯೂಸು. ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇರುವ ಗಾಡಿಯಲ್ಲಿ ಇದು ತಮಾಷೆಯ ಮಾತಲ್ಲ. ಫೋನ್ ಮಾಡಿ ಕೇಳಿದರೆ, ‘ಮೇಡಂ, ನೀವು ಅದನ್ನ ನಿಜವಾಗ್ಲೂ ತೋಟದಲ್ಲಿ ಓಡಿಸ್ತೀರಾ?’ ಅಂದರು.

ಓಡಿಸುತ್ತೇನೆ. ಹೇಗೆ ಓಡುತ್ತದೆ ಅಂತ ಹೇಳುತ್ತೇನೆ.

ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಒಂದೆರಡು ಸುತ್ತಿಗೆ ಹಿಡಿಯುತ್ತದೆ. ಬ್ಯಾಟರಿ ಮಲಗಿದ್ದರೆ ಮುಂದಿನ ತೂತಿನಲ್ಲಿ ಹ್ಯಾಂಡಲ್ ಹಾಕಿ ತಿರುಗಿಸಬಹುದು. ಇವತ್ತಿನ ಯಾವ ಗಾಡಿಯಲ್ಲಿ ಇದು ಆಗುತ್ತದೆ ಹೇಳಿ? ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನೂ ಬೇರೆ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು, ಸುತ್ತಿ ಹಿಡಿಯಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಕೆಳಗಿಂದ ಮೇಲಕ್ಕೆ ಎಳೆಯುವುದು, ಮೇಲಿಂದ ಕೆಳಕ್ಕೆ ಒತ್ತುವುದಲ್ಲ.

ಗೇರು ಮೂರೇ. ಮೊದಲನೇ ಗೇರಿಗೆ ಸಿಂಕ್ರೋ ಇಲ್ಲ, ಅಂದರೆ ಹಲ್ಲುಗಳ ವೇಗವನ್ನು ತಾನಾಗಿ ಹೊಂದಿಸಿಕೊಡುವ ರಿಂಗು ಇಲ್ಲ. ಓಡುತ್ತಿರುವಾಗ ಎರಡರಿಂದ ಒಂದಕ್ಕೆ ಇಳಿಸಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ಎಕ್ಸಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಬೇಕು. ಹಳೇ ಲಾರಿ ಡ್ರೈವರುಗಳಿಗೆ ಇದು ಉಸಿರಾಡಿದಷ್ಟು ಸಲೀಸು. ನನ್ನ ಮಗಳಿಗೆ ಕಲಿಸಲು ಹೋಗಿ ಇಬ್ಬರಿಗೂ ಮಾತು ನಿಂತಿತ್ತು. ಸ್ಟೇರಿಂಗ್ ನಿಂತಲ್ಲಿ ಭಾರ, ಹೊರಟರೆ ಹಗುರ. ನೇರ ರಸ್ತೆಯಲ್ಲೂ ಸ್ವಲ್ಪ ಸ್ವಲ್ಪ ತಿದ್ದುತ್ತಲೇ ಇರಬೇಕು. ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ತನಕ ಪ್ರತಿ ಜಾಯಿಂಟಿನಲ್ಲೂ ಒಂಚೂರು ಪ್ಲೇ ಇರುತ್ತದೆ, ಎಲ್ಲ ಸೇರಿ ನಿಮ್ಮ ಕೈಗೆ ಬರುತ್ತದೆ. ಗಂಟೆಗೆ 50 ಕಿಲೋಮೀಟರಿಗೆ ನೆಮ್ಮದಿ. 60ಕ್ಕೆ ಇಂಜಿನ್ ಗೊಣಗುತ್ತದೆ. ಅದರ ಮೇಲೆ ನಾನು ಹೋಗುವುದಿಲ್ಲ, ಬ್ರೇಕು ಅಷ್ಟು ಬೇಗ ಹಿಡಿಯುವುದಿಲ್ಲ. ಹಿಂದೆ ಕೆಎಸ್ಸಾರ್ಟಿಸಿ ಬಸ್ಸು ಬಂದರೆ ಎಡಕ್ಕೆ ಸರಿದು ಬಿಟ್ಟುಬಿಡುವುದು.

ಈ ಗಾಡಿಯ ಜೀವ ಇರುವುದು ಫೋರ್‌ವೀಲ್ ಬಾಕ್ಸಿನಲ್ಲಿ. ಗೇರ್ ಬಾಕ್ಸಿನಿಂದ ಬರುವ ಪವರನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಬಾಕ್ಸ್ ಅದು. ಗೇರ್ ಲಿವರಿನ ಪಕ್ಕ ಇನ್ನೆರಡು ಗಿಡ್ಡ ಲಿವರುಗಳಿವೆ. ಒಂದು ಮುಂದಿನ ಚಕ್ರಗಳಿಗೆ ಪವರ್ ಕೊಡಲು. ಇನ್ನೊಂದು ಹೈ, ನ್ಯೂಟ್ರಲ್, ಲೋ. ಮೊದಲನೆಯದನ್ನು ಹಾಕದೆ ಎರಡನೆಯದು ಲೋಗೆ ಬೀಳುವುದೇ ಇಲ್ಲ. ಲೋನಲ್ಲಿ ಬರುವ ಪೂರ್ತಿ ಎಳೆತ ಹಿಂದಿನ ಹೌಸಿಂಗ್ (ಎರಡು ಚಕ್ರಗಳ ನಡುವಿನ ಅಚ್ಚು) ಒಂದರ ಮೇಲೆ ಬಿದ್ದು ಮುರಿಯಬಾರದು ಅಂತ ಕಟ್ಟಿದವರು ಮಾಡಿದ ವ್ಯವಸ್ಥೆ. ಲೋ ಹಾಕಿ ಮೊದಲನೇ ಗೇರಿನಲ್ಲಿ ಬಿಟ್ಟರೆ ಇಂಜಿನ್ ಹತ್ತಿರ ಹತ್ತಿರ 37 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಅಂದರೆ ನಡೆದುಕೊಂಡು ಹೋಗುವವರು ನಮ್ಮನ್ನು ದಾಟಿ ಹೋಗುತ್ತಾರೆ. ಆದರೆ ಎಂಟು ಹತ್ತು ಚೀಲ ಹಣ್ಣು ಹೇರಿಕೊಂಡು ಜಾರು ದಾರಿಯಲ್ಲಿ ಇಳಿಯುವಾಗ ಬ್ರೇಕಿನ ಮೇಲೆ ಕಾಲೇ ಇಡಬೇಕಾಗಿಲ್ಲ, ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಜಾರುವಲ್ಲಿ ಬ್ರೇಕ್ ಹಾಕಿದರೆ ಚಕ್ರ ಲಾಕ್ ಆಗಿ ಗಾಡಿ ತನ್ನಿಷ್ಟದ ಕಡೆಗೆ ಹೋಗುತ್ತದೆ, ಇದು ತೋಟದವರಿಗೆಲ್ಲ ಗೊತ್ತು. ಅಂಥ ಕಡೆ ಈ ಬಾಕ್ಸಿಗೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ. ಅರ್ಧ ಶತಮಾನ ದಾಟಿದ ಹಲ್ಲುಗಳು, ಸದ್ದು ಮಾಡುತ್ತವೆ, ಕೆಲಸ ಬಿಡುವುದಿಲ್ಲ.

ಒಂದು ಎಚ್ಚರಿಕೆ. ಒಣ ಟಾರಿನ ಮೇಲೆ ಫೋರ್‌ವೀಲ್ ಹಾಕಿಕೊಂಡು ಓಡಿಸಬಾರದು. ಮುಂದಿನ, ಹಿಂದಿನ ಹೌಸಿಂಗುಗಳ ನಡುವೆ ಡಿಫರೆನ್ಶಿಯಲ್, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಓಡಬೇಕು, ಓಡಲು ಆಗುವುದಿಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಟಾರಿನಲ್ಲಿ ಜಾರುವುದಿಲ್ಲ, ಒಳಗಿನ ಶಾಫ್ಟುಗಳೇ ತಿರುಚಿಕೊಂಡು ಬಿಗಿಯಾಗುತ್ತವೆ. ಆಮೇಲೆ ಲಿವರ್ ಎಷ್ಟು ಎಳೆದರೂ ಬರುವುದಿಲ್ಲ. ಬಂದವರೆಲ್ಲ ‘ಸುತ್ತಿಗೆ ತನ್ನಿ’ ಅನ್ನುತ್ತಾರೆ. ಸುತ್ತಿಗೆ ಬೇಡ. ರಿವರ್ಸ್ ಹಾಕಿ ನಾಲ್ಕು ಮಾರು ಹಿಂದಕ್ಕೆ ಬಿಟ್ಟರೆ ತಾನಾಗಿ ಸಡಿಲವಾಗುತ್ತದೆ.

ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ಹೋಗುವುದು ನಮಗೆ ಮಾಮೂಲು. ಇಳಿಯುವಾಗ ಪೂರಾ ಎರಡನೇ ಗೇರು. ಹಿಂದಿನ ಕಾರಿನವರು ಹಾರ್ನ್ ಹೊಡೆಯಲಿ ಬಿಡಿ. ನಾಲ್ಕೂ ಚಕ್ರಕ್ಕೆ ಸಣ್ಣ ಡ್ರಮ್ ಬ್ರೇಕು, ಒಂದೇ ಸರ್ಕ್ಯೂಟು. ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಹೋದ ಹಾಗೆ. ಬಿಸಿಯಾದರೂ ಹಿಡಿಯುವುದಿಲ್ಲ, ಒದ್ದೆಯಾದರೂ ಹಿಡಿಯುವುದಿಲ್ಲ. ಹಳ್ಳ ದಾಟಿದ ಮೇಲೆ ಬ್ರೇಕ್ ಮೇಲೆ ಲಘುವಾಗಿ ಕಾಲಿಟ್ಟುಕೊಂಡೇ ಸ್ವಲ್ಪ ದೂರ ಹೋಗಬೇಕು, ಲೈನರ್ ಒಣಗುತ್ತದೆ. ಏರುವಾಗಿನ ತೊಂದರೆ ಬೇರೆ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಇಂಜಿನ್ ಕೆಮ್ಮಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕೂತರೆ ಮತ್ತೆ ಹೊರಡುತ್ತದೆ. ಪೈಪನ್ನು ಸೈಲೆನ್ಸರಿನಿಂದ ದೂರ ಎಳೆಸಿದ ಮೇಲೆ ಈಗ ಬಹಳ ಕಮ್ಮಿ.

ನೀರಿಗೆ ಇಳಿಯುವ ಮೊದಲು ಫ್ಯಾನ್ ಬೆಲ್ಟ್ ಬಿಚ್ಚುವುದು ನಮ್ಮ ಮೇಸ್ತ್ರಿ ಹೇಳಿಕೊಟ್ಟಿದ್ದು. ಫ್ಯಾನು ನೀರೆತ್ತಿ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೊಡೆದರೆ ಹಳ್ಳದ ನಡುವೆ ನಿಂತುಬಿಡುತ್ತೀರಿ. ಡಿಸ್ಟ್ರಿಬ್ಯೂಟರಿಗೆ ಒಂದು ರಬ್ಬರ್ ಹೊದಿಕೆ ಕಟ್ಟಿಟ್ಟಿದ್ದೇನೆ, ಹಳೇ ಟ್ಯೂಬ್ ಕತ್ತರಿಸಿ ಮಾಡಿದ್ದು. ಟೈರು 6.00-16, ಮಿಲಿಟರಿ ಹಲ್ಲಿನದು. ಕೆಸರಲ್ಲಿ ಚೆನ್ನಾಗಿ ಕಚ್ಚುತ್ತದೆ, ಒದ್ದೆ ಟಾರಿನಲ್ಲಿ ಜಾರುತ್ತದೆ. ಗಾಳಿ ಸ್ವಲ್ಪ ಇಳಿಸಿದರೆ ಕೆಸರಲ್ಲಿ ಇನ್ನೂ ಚೆನ್ನ. ಆದರೆ ಒಳಗೆ ಟ್ಯೂಬ್ ಇರುವುದರಿಂದ ತೀರಾ ಇಳಿಸಿದರೆ ಟೈರು ರಿಮ್ಮಿನಲ್ಲಿ ತಿರುಗಿ ವಾಲ್ವೇ ಕಿತ್ತುಬರುತ್ತದೆ.

ಹ್ಯಾಂಡ್‌ಬ್ರೇಕಿನ ಬಗ್ಗೆ ಯಾರೂ ಹೇಳದ ಒಂದು ಮಾತಿದೆ. ಇದರ ಹ್ಯಾಂಡ್‌ಬ್ರೇಕ್ ಚಕ್ರಕ್ಕೆ ಹಿಡಿಯುವುದಿಲ್ಲ. ಬಾಕ್ಸಿನ ಹಿಂದೆ, ಹಿಂದಿನ ಚಕ್ರಗಳಿಗೆ ಪವರ್ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವಲ್ಲಿ ಒಂದು ಡ್ರಮ್ ಇದೆ, ಅದಕ್ಕೆ ಹಿಡಿಯುತ್ತದೆ. ಓಡುವಾಗ ಎಳೆದರೆ ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟು ಮುರಿಯಬಹುದು, ಅದು ನಿಲ್ಲಿಸಲು ಮಾತ್ರ. ಇನ್ನೂ ಮುಖ್ಯವಾದದ್ದು ಪಂಕ್ಚರ್ ಆದಾಗ. ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದಿರೋ, ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಶಾಫ್ಟು ಲಾಕ್ ಆಗಿರುತ್ತದೆ, ಆದರೆ ಎತ್ತಿದ ಚಕ್ರ ಒಂದು ಕಡೆಗೆ ತಿರುಗಿದರೆ ನೆಲದ ಮೇಲಿನ ಚಕ್ರ ಇನ್ನೊಂದು ಕಡೆಗೆ ಉರುಳುತ್ತದೆ. ಇಳಿಜಾರಿನಲ್ಲಿ ಗಾಡಿ ಜಾಕಿಯಿಂದ ಜಾರಿ ಹೊರಟೇ ಬಿಡುತ್ತದೆ. ಆದ್ದರಿಂದ ಮೊದಲು ಚಕ್ರಕ್ಕೆ ಕಲ್ಲು, ಆಮೇಲೆ ಫೋರ್‌ವೀಲ್ ಲಿವರ್ ಹಾಕಿ ಗೇರಲ್ಲಿ ನಿಲ್ಲಿಸುವುದು, ಆಮೇಲೆ ಜಾಕಿ.

ನೋಡಿಕೊಳ್ಳುವುದು ಕಷ್ಟವಾ ಅಂತ ಎಲ್ಲರೂ ಕೇಳುತ್ತಾರೆ. ಕಷ್ಟ ಅಲ್ಲ, ಬಿಡುವಿಲ್ಲದ ಕೆಲಸ. ಸ್ಪ್ರಿಂಗಿನ ತುದಿಯ ಶ್ಯಾಕಲ್ ಕೊಂಡಿಗಳು, ಸ್ಟೇರಿಂಗ್ ಜಾಯಿಂಟುಗಳು, ಎರಡೂ ಶಾಫ್ಟಿನ ಕ್ರಾಸುಗಳು, ಪೆಡಲ್ಲುಗಳು, ಎಲ್ಲಕ್ಕೂ ನಿಪ್ಪಲ್ ಇದೆ. ‘ಅಮ್ಮಾ, ಈ ಗಾಡಿಗೆ ಪೆಟ್ರೋಲ್ ಒಂದು ದಿನ ತಡ ಆದ್ರೂ ನಡೀತದೆ, ಗ್ರೀಸ್ ತಡ ಆಗಬಾರದು’ ಅಂದಿದ್ದರು ಮೇಸ್ತ್ರಿ. ಮಳೆಗಾಲದಲ್ಲಿ ಪ್ರತಿ ಭಾನುವಾರ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಗನ್ ಹಿಡಿಯುತ್ತೇನೆ. ಹಳೇ ಕೊಳೆ ಗ್ರೀಸು ಹೊರಬಂದು ಹೊಸದು ಕಾಣಿಸುವ ತನಕ ಒತ್ತಬೇಕು. ಆ ಹಳೇ ಗ್ರೀಸಿನ ಜೊತೆ ಕೆಂಪು ನೀರು ಬಂದರೆ ಒಳಗೆ ತುಕ್ಕು ಶುರುವಾಗಿದೆ ಅಂತ ಅರ್ಥ. ಕೆಳಗೆ ಮಲಗುವ ಮೊದಲು ಚೀಲದ ಮೇಲೆ ಇಂಬಳ (ಜಿಗಣೆ) ಇಲ್ಲ ಅಂತ ನೋಡಿಕೊಳ್ಳಿ, ಇದು ಮಲೆನಾಡಿನವರಿಗೆ ಮಾತ್ರ ಬೇಕಾದ ಸರ್ವಿಸ್ ಟಿಪ್.

ಮುಂದಿನ ಚಕ್ರಗಳ ಒಳಗಡೆ ಗುಂಡಗೆ ಮುಚ್ಚಿದ ಕಬ್ಬಿಣದ ಬಟ್ಟಲು ಕಾಣುತ್ತದಲ್ಲ, ಅದರ ಹಿಂಬದಿಯ ಸೀಲ್ ಹೋದರೆ ಗ್ರೀಸ್ ಹೊರಗೆ, ಕೆಸರು ಒಳಗೆ. ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಗೂಟ) ಬೇರಿಂಗ್ ಸವೆದರೆ ಗಂಟೆಗೆ 40ರ ಆಸುಪಾಸಿನಲ್ಲಿ ಒಂದು ಗುಂಡಿಗೆ ಬಿದ್ದ ತಕ್ಷಣ ಸ್ಟೇರಿಂಗ್ ಕೈ ಬಿಟ್ಟುಹೋಗುವಷ್ಟು ನಡುಗುತ್ತದೆ. ಮೊದಲ ಸಲ ಆದವರು ಚಕ್ರ ಕಳಚಿತು ಅಂದುಕೊಳ್ಳುತ್ತಾರೆ. ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ನಿಧಾನಕ್ಕೆ ವೇಗ ಇಳಿಸುವುದೊಂದೇ ದಾರಿ. ಬರೀ ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ಸುಮ್ಮನಾಗುವವರು ಇದ್ದಾರೆ. ಅದು ನಡುಕವನ್ನು ಮುಚ್ಚಿಡುತ್ತದೆ, ಸವೆದಿದ್ದು ಸವೆಯುತ್ತಲೇ ಇರುತ್ತದೆ.

ಇಂಜಿನ್ ವಿಷಯದಲ್ಲಿ ಮಾಡುವುದು ಕಮ್ಮಿ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಪ್ಲಗ್ ಗ್ಯಾಪ್ 30 ಥೌ, ಒಂದು ಫೀಲರ್ ಗೇಜ್ ಇದ್ದರೆ ಮನೆಯಲ್ಲೇ ನೋಡಬಹುದು. ವಾಲ್ವ್ ಗ್ಯಾಪ್ ತಣ್ಣಗಿರುವಾಗ ಇಂಟೇಕಿಗೆ 18, ಎಕ್ಸಾಸ್ಟಿಗೆ 16. ಎಕ್ಸಾಸ್ಟ್ ವಾಲ್ವುಗಳಿಗೆ ಬ್ಲಾಕಿನ ಪಕ್ಕದ ಪ್ಲೇಟು ಬಿಚ್ಚಿ ಕೈ ಹಾಕಬೇಕು. ಇಕ್ಕಟ್ಟು, ಅದನ್ನು ಮೇಸ್ತ್ರಿಗೇ ಬಿಡುತ್ತೇನೆ. ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲ್ ಹಾಕಿಸುವುದು ಒಳ್ಳೆಯದು, ಅಂಗಡಿಯಲ್ಲಿ ಜಿಎಲ್-5 ಕೊಟ್ಟು ‘ಇದು ಇನ್ನೂ ಒಳ್ಳೇದು’ ಅನ್ನುತ್ತಾರೆ. ಹೌಸಿಂಗಿಗೆ ಒಳ್ಳೆಯದು ಹೌದು, ಗೇರ್ ಬಾಕ್ಸಿನ ಹಿತ್ತಾಳೆ ರಿಂಗುಗಳಿಗೆ ಅಲ್ಲ.

ಹೊಸ ತಲೆನೋವು ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು. ಈ ಗಾಡಿ ಹುಟ್ಟಿದಾಗ ಅದರ ಸುದ್ದಿಯೇ ಇರಲಿಲ್ಲ. ಹಳೇ ಥರದ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು ಉಬ್ಬಿ ಬಿರುಕು ಬಿಡುತ್ತವೆ. ಎಥನಾಲ್ ತಾಳುವ ಪೈಪು ಹಾಕಿಸಿಕೊಂಡರೆ ಆ ಭಾಗ ಮುಗಿಯಿತು. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕಡೆ ಜುಲೈ ಗಾಳಿಯಲ್ಲಿ ತೇವ ಬಿಟ್ಟು ಬೇರೆ ಏನಿದೆ? ಪುಣ್ಯಕ್ಕೆ ಪಂಪಿನ ಕೆಳಗೆ ಗಾಜಿನ ಬಟ್ಟಲಿದೆ, ತಳದಲ್ಲಿ ನೀರು ನಿಂತಿದ್ದು ಕಣ್ಣಿಗೇ ಕಾಣುತ್ತದೆ. ಬಿಚ್ಚಿ ಚೆಲ್ಲಿ ಮತ್ತೆ ಹಾಕುವುದು. ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಡಿ. ಮೈಲೇಜ್ ಕೇಳಬೇಡಿ ಅಂದರೂ ಕೇಳುತ್ತೀರಿ. ರಸ್ತೆಯಲ್ಲಿ ಲೀಟರಿಗೆ ಎಂಟು ಬಂದರೆ ಸಂತೋಷ, ತೋಟದಲ್ಲಿ ಲೋನಲ್ಲಿ ಓಡುವಾಗ ನಾನು ಲೆಕ್ಕವೇ ಹಾಕುವುದಿಲ್ಲ.

ಸಾಮಾನು ಸಿಗುತ್ತದಾ? ಇದರಲ್ಲೇ ಈ ಜೀಪು ಬೇರೆ ವಿಂಟೇಜ್ ಗಾಡಿಗಳಿಗಿಂತ ಎಷ್ಟೋ ಮೇಲು. ಬ್ರೇಕ್ ವಾಷರ್ ಕಿಟ್, ಕ್ರಾಸ್, ಕ್ಲಚ್ ಪ್ಲೇಟ್, ಸ್ಪ್ರಿಂಗ್ ಬುಶ್ ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಆಮೇಲಿನ ಎಷ್ಟೋ ಮಹೀಂದ್ರಾ ಜೀಪುಗಳು ಇದೇ ವಂಶದವು, ಅದಕ್ಕೇ ಈಗಲೂ ಮಾಡುತ್ತಾರೆ. ಗುಣಮಟ್ಟ ಮಾತ್ರ ಏರುಪೇರು. ಹೊಸ ಕ್ರಾಸ್ ಒಂದೇ ಮಳೆಗಾಲಕ್ಕೆ ಕಿರುಗುಟ್ಟಿದ್ದೂ ಉಂಟು. ಹಳೇ ಅಸಲಿ ಸಾಮಾನು ಗುಜರಿಯಲ್ಲಿ ಸಿಕ್ಕರೆ ಹೊಸದಕ್ಕಿಂತ ಅದನ್ನೇ ತಗೊಳ್ಳುತ್ತೇನೆ. ಹರಿಕೇನ್ ಇಂಜಿನ್ನಿನ ಒಳಗಿನ ಸಾಮಾನು ಕಷ್ಟ, ಯಾಕೆಂದರೆ ಹೆಚ್ಚಿನವರು ಯಾವತ್ತೋ ಡೀಸೆಲ್ಲಿಗೆ ಬದಲಿಸಿಕೊಂಡಿದ್ದಾರೆ.

ಹಾಗಾದರೆ ಡೀಸೆಲ್ ಜೀಪೇ ತಗೊಳ್ಳಬಾರದಾ? ನ್ಯಾಯವಾದ ಪ್ರಶ್ನೆ. ಪ್ಯೂಜೋ ಡೀಸೆಲ್ ಇಂಜಿನ್ನಿನ ಎಂಎಂ 540 ಇದಕ್ಕಿಂತ ಉದ್ದ, ಜಾಸ್ತಿ ಹೇರಬಹುದು, ಖರ್ಚು ಕಮ್ಮಿ. ಕೊಡಚಾದ್ರಿಗೆ ಜನರನ್ನು ಹತ್ತಿಸುವ ಡ್ರೈವರುಗಳನ್ನು ಕೇಳಿ, ಮಹೀಂದ್ರಾ ಡೀಸೆಲ್ ಜೀಪು ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ದುಡಿಮೆಗೆ ಅದು ಸರಿ. ನನ್ನ ತೋಟದ ದಾರಿಯ ತಿರುವುಗಳಿಗೆ 3.3 ಮೀಟರ್ ಉದ್ದದ ಈ ಪುಟ್ಟ ಗಾಡಿಯೇ ಹೊಂದುತ್ತದೆ. ಇದು ಒಂದೇ ಸಲಕ್ಕೆ ತಿರುಗುವ ಕಡೆ ತಮ್ಮನ ಹೊಸ ಥಾರ್ ಹಿಂದೆ ಮುಂದೆ ಮಾಡಿ ತಿರುಗಬೇಕು. ಹಾಗಂತ ಅವನು ಎಸಿ ಹಾಕಿಕೊಂಡು ಮಂಗಳೂರಿಗೆ ಹೋಗುವಾಗ ನಾನೂ ಅದರಲ್ಲೇ ಹತ್ತುತ್ತೇನೆ, ಅದು ಬೇರೆ ವಿಷಯ. ಹಳೇ ಜೀಪಿನಲ್ಲಿ ಬೆಲ್ಟಿಲ್ಲ, ರೋಲ್ ಬಾರಿಲ್ಲ, ಪಕ್ಕದಲ್ಲಿ ಬಾಗಿಲೂ ಇಲ್ಲ. ಹಿಂದಿನ ಅಡ್ಡ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ, ಯಾರು ಎಷ್ಟು ನಗಲಿ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಅಂತಲೇ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಹೊಸ ನಂಬರಾದರೆ ಅದರಲ್ಲಿ ‘ವಿಎ’ ಅಕ್ಷರ. ಕೇಳಲು ಗತ್ತಾಗಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ. ಬನಕಲ್‌ಗೆ ಗೊಬ್ಬರ ತರಲು ಹೋಗುವ ಗಾಡಿಗೆ ಅದು ಆಗುವ ಮಾತಲ್ಲ. ಮಾಮೂಲಿ ಆರ್‌ಸಿಯನ್ನೇ 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುತ್ತಿದ್ದೇನೆ. ಫಿಟ್‌ನೆಸ್‌ಗೆ ಹೋಗುವ ಮೊದಲು ಹಾರ್ನ್, ಲೈಟು, ವೈಪರ್ ಮೂರನ್ನೂ ನೋಡಿಕೊಳ್ಳಿ. ವೈಪರ್ ಅಂತೂ ತೋರಿಸಲು ಇರುವಂಥದ್ದು. ನಮ್ಮ ಆಷಾಢದ ಮಳೆಗೆ ಅದು ಆಡಿದರೂ ಒಂದೇ, ಆಡದಿದ್ದರೂ ಒಂದೇ.

ರೀಸ್ಟೋರ್ ಮಾಡಿಸಲು ಹೊರಟವರಿಗೆ ನಾನು ಹೇಳುವುದಿಷ್ಟು. ಶೆಡ್ಡಿನವರಿಗೆ ದುಡ್ಡು ಕೊಡುವಾಗ ಬಣ್ಣದ ಕೋಡ್ ಕೇಳುವುದಕ್ಕೆ ಮೊದಲು ಬ್ರೇಕ್ ಪೈಪು, ವೀಲ್ ಸಿಲಿಂಡರು, ವೈರಿಂಗ್ ಹೊಸದು ಹಾಕಿದ ಬಿಲ್ಲು ಕೇಳಿ. ಬಾಡಿ ಮೇಲೆ ಬಣ್ಣ ಹೊಡೆಯುವ ಮೊದಲು ಬರೀ ತಗಡಿನ ಫೋಟೋ ಕೇಳಿ. ಕೊಡಲು ಆಗುವುದಿಲ್ಲ ಅಂದರೆ ಪುಟ್ಟಿ ಇದೆ ಅಂತಲೇ ಲೆಕ್ಕ. ಗ್ರೀಸ್ ಗನ್ ನೀವೇ ತಗೊಂಡು ಹೋಗಿ, ಅವರೆದುರಿಗೇ ಎಲ್ಲ ನಿಪ್ಪಲ್ಲಿಗೂ ಹೊಡೆದು ನೋಡಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ನಮ್ಮ ಗಾಡಿಗೆ ಸದ್ಯ ಬಾಕಿ ಇರುವುದು ಎಡಗಡೆ ಮುಂದಿನ ಚಕ್ರದ ಸೀಲು, ಮತ್ತೆ ಮೇಲಿನ ಕ್ಯಾನ್ವಾಸ್. ಹೊಲಿಗೆಯಲ್ಲೆಲ್ಲ ನೀರು ಬಿಟ್ಟುಕೊಂಡು ಸರಿಯಾಗಿ ನನ್ನ ತೊಡೆಯ ಮೇಲೇ ಹನಿಸುತ್ತದೆ. ಕ್ಯಾನ್ವಾಸಿಗೆ ಹಾಸನದಲ್ಲಿ ಅಳತೆ ಕೊಟ್ಟು ಬಂದಾಯಿತು. ಸೀಲಿಗೆ ಕೊಯ್ಲು ಮುಗಿಯಲಿ, ನಾಲ್ಕು ದಿನ ಗಾಡಿ ನನ್ನ ಶೆಡ್ಡಲ್ಲಿ ಬಿಡಿ ಅಂದಿದ್ದಾರೆ ಮೇಸ್ತ್ರಿ.